ಡಾಕ್ಟ್ರು ಅಂತ ಯಾರಿಗೂ ಹೇಳ್ಬೇಡ ಅಂದೆಯಲ್ಲ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿ ಮೊದಲು ನಗು ಬಂತು. ದೀಪಾವಳಿಗೆ ಚಿಕ್ಕಮಗಳೂರಿಗೆ ಬರ್ತೀನಿ, ದೇವೀರಮ್ಮನ ಬೆಟ್ಟ ಹತ್ತೋಣ, ಆಮೇಲೆ ನಿಮ್ಮ ತೋಟದ ಮನೆಯಲ್ಲಿ ಬಿದ್ಕೊಂಡಿರ್ತೀನಿ, ಆದ್ರೆ ನಾನು ಡಾಕ್ಟ್ರು ಅಂತ ಮಾತ್ರ ಯಾರಿಗೂ ಹೇಳ್ಬೇಡ ಅಂತ. ಇದಕ್ಕೆ ಮೆಸೇಜಿನಲ್ಲೇ ಉತ್ತರ ಕೊಡೋಕೆ ಹೋದ್ರೆ ಜಗಳ ಆಗುತ್ತೆ. ಅದಕ್ಕೇ ಕೂತು ಬರೀತಿದ್ದೀನಿ.

ನಿನ್ನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ್ರೆ ಪಕ್ಕದವರು ಎರಡನೇ ಸಲ ಪಾಯಸ ಹಾಕಿಸಿಕೊಳ್ತಾ 'ಸಾರ್, ಶುಗರ್ರು ಇನ್ನೂರೈವತ್ತಿದೆ, ಪರವಾಗಿಲ್ವಾ' ಅಂತಾರೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ದಿನಾ ಟೀವಿಯಲ್ಲಿ ಬರೋಕೆ ಶುರುವಾದಾಗಂತೂ ಕೇಳಲೇಬೇಡ. ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಕ್ಯೂ ನಿಲ್ತಿತ್ತು. ಇಲ್ಲಿ ಹಾಲು ತರೋಕೆ ಹೋದ ನನ್ನನ್ನ ಅಡ್ಡಗಟ್ಟಿ, ಅಂಗಿ ಗುಂಡಿ ಬಿಚ್ಚಿ, ಎದೆಯಲ್ಲಿ ಎಲ್ಲಿ ಚುಚ್ಚುತ್ತೆ ಅಂತ ತೋರಿಸಿದವರಿದ್ದಾರೆ. ಇಂಥವರಿಗೆಲ್ಲ 'ನಾಳೆ ಓಪಿಡಿಗೆ ಬನ್ನಿ' ಅನ್ನೋದನ್ನ ಕಲಿತಿದ್ದೀನಿ, ಅದಕ್ಕೆ ಸಂಕೋಚವೂ ಇಲ್ಲ. ನೀನೂ ಕಲಿ.

ಆದ್ರೆ ಕಣ್ಣೆದುರು ಒಬ್ಬ ಕುಸಿದು ಬಿದ್ರೆ ಅದು ಬೇರೆ ಲೆಕ್ಕ ಕಣೋ. ಆಗ ನೀನು ಹೇಳದಿದ್ರೂ ನಿನ್ನ ಕಣ್ಣು ಸುಮ್ಮನಿರುತ್ತಾ?

ಬೇಲೂರು ಕಡೆ ಒಂದು ಮದುವೆಗೆ ಹೋಗಿದ್ದೆ. ಮಾಘ ಮಾಸದ ಚಳಿ, ಗಂಡಸರೆಲ್ಲ ಸ್ವೆಟರ್ ಹಾಕ್ಕೊಂಡು ಧಾರೆಗೆ ಕಾಯ್ತಿದ್ರು. ಛತ್ರದ ಹೊರಗೆ ಒಬ್ಬ ಹಿರಿಯರು, ಕಾಫಿ ಬೆಳೆಗಾರರು, ಕಾರಿಗೆ ಒರಗಿ ನಿಂತಿದ್ರು. ಕೈಯಲ್ಲಿ ಅರ್ಧ ಕುಡಿದ ಸೋಡಾ. ಬಿಳಿ ಶರ್ಟಿನ ಕಾಲರು ಪೂರ್ತಿ ಒದ್ದೆ, ಕಿವಿ ಪಕ್ಕದಿಂದ ಬೆವರು ಇಳೀತಿದೆ, ಎಡಗೈ ಹೆಬ್ಬೆಟ್ಟಿನಲ್ಲಿ ದವಡೆ ಕೆಳಗೆ ಒತ್ತಿಕೊಳ್ತಾ ಇದ್ದಾರೆ. 'ಏನಿಲ್ಲ ಬಿಡ್ರೀ, ರಾತ್ರಿ ಊಟದ್ದು, ಗ್ಯಾಸ್ಟ್ರಿಕ್ಕು. ಮನೆಗೆ ಹೋಗಿ ಮಲಗ್ತೀನಿ' ಅಂತ ಕಾರಿನ ಬಾಗಿಲು ತೆಗೆದ್ರು. ಕೀ ಇಸ್ಕೊಂಡೆ. ಕೂರಿಸಿದೆ. ಆಸ್ಪಿರಿನ್ ಆಗಿಬರುತ್ತಾ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತಾ ಅಂತ ಕೇಳಿ 300 ಎಂಜಿ ಜಗಿಯೋಕೆ ಕೊಟ್ಟೆ. ಅವರ ಅಳಿಯ ಗಾಡಿ ಓಡಿಸಿದ. ನಾನು ಪಕ್ಕದಲ್ಲಿ ಕೂತು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಇಸಿಜಿ ಮೆಷಿನ್ನು ರೆಡಿ ಇಟ್ಟಿರಿ ಅಂದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ನಿನಗೆ ಗೊತ್ತಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ದೂರದ ಹೃದ್ರೋಗ ತಜ್ಞರು ನೋಡಿ ಹೇಳ್ತಾರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನ ಅಲ್ಲೇ ಪುಕ್ಕಟೆ ಕೊಡ್ತಾರೆ. ಕೊಟ್ಟರು. ಈಗ ಅವರು ಸಿಕ್ಕಾಗೆಲ್ಲ 'ನೀವು ಸೋಡಾ ಪೂರ್ತಿ ಕುಡಿಯೋಕೆ ಬಿಡಲಿಲ್ಲ' ಅಂತ ರೇಗಿಸ್ತಾರೆ.

ಇದರಲ್ಲಿ ನಾನು ಮಾಡಿದ್ದೇನು ಹೇಳು. ಕೈ ಮರೆತುಹೋಗಿದೆ, ಸ್ಕ್ಯಾನ್ ನೋಡಿ ವರದಿ ಬರೆಯೋ ರಿಪೋರ್ಟಿಂಗ್ ರೂಮಿನ ಕತ್ತಲಲ್ಲೇ ವರ್ಷಗಳು ಕಳೆದವು ಅಂತೀಯಲ್ಲ, ಆ ದಿನ ಬೇಕಾಗಿದ್ದು ಯಾವ ಎಂ.ಡಿ.ಯೂ ಅಲ್ಲ. ಕ್ಯಾಶುವಾಲ್ಟಿಯಲ್ಲಿ ಆಕ್ಸಿಜನ್ ಇರುತ್ತೆ, ಗಂಟಲಿನ ಕಫ ಎಳೆಯೋ ಸಕ್ಷನ್ ಇರುತ್ತೆ, ಕೇಳೋಕೆ ಮೊದಲೇ ಕೈಗೆ ಕೊಡೋ ಸಿಸ್ಟರ್ ಇರ್ತಾರೆ. ಹೊರಗೆ ಏನಿರುತ್ತೆ? ಗುಂಪು. ಡ್ಯೂಟಿ ಇಲ್ಲದಾಗ ನಮ್ಮ ಮುಕ್ಕಾಲು ಪಾಲು ಕೆಲಸ ಚಿಕಿತ್ಸೆ ಅಲ್ಲ, ಒಳ್ಳೆ ಮನಸ್ಸಿನಿಂದಲೇ ಮುಂದೆ ಬರೋ ಹತ್ತು ಕೈಗಳನ್ನ ತಡೆಯೋದು. ಇದನ್ನ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ ನೋಡು.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ನಾನು ಜನ ಸರಿಸಿಕೊಂಡು ಹತ್ತಿರ ಹೋಗೋದರೊಳಗೆ ಅವನ ಅಂಗೈಗೆ ಮೂರು ಬೀಗದ ಕೈ ಗೊಂಚಲು ಬಂದಿದ್ದವು. ಒಬ್ಬರು ಹಣ್ಣಿನಂಗಡಿಯಿಂದ ಚಾಕು ತಂದು ಹಿಡಿಸೋಕೆ ನೋಡ್ತಿದ್ದಾರೆ, ಕಬ್ಬಿಣ ಅಂದ್ರೆ ಕಬ್ಬಿಣ ತಾನೆ! ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿದ್ದಾರೆ. ಒಬ್ಬ ಕಂಡಕ್ಟರ್ ಪಾಪ, ಹಲ್ಲು ಬಿಡಿಸಿ ನೀರು ಹಾಕೋಕೆ ಬಾಟಲಿ ತೆರೆದು ನಿಂತಿದ್ದ. ಬೈದ್ರೆ ಗುಂಪು ನಮ್ಮ ಮೇಲೇ ತಿರುಗುತ್ತೆ, ಅದಕ್ಕೇ ಕೆಲಸ ಹಂಚಬೇಕು. ಚಾಕುವಿನವರಿಗೆ 'ಅಣ್ಣ, ಗಡಿಯಾರ ನೋಡ್ತಾ ಇರಿ, ಐದು ನಿಮಿಷ ದಾಟಿದ್ರೆ ನನಗೆ ಹೇಳಿ' ಅಂದೆ. ಈರುಳ್ಳಿಯವರ ಟವೆಲ್ ಇಸ್ಕೊಂಡು ಹುಡುಗನ ತಲೆ ಕೆಳಗೆ ಇಟ್ಟೆ. ಕಂಡಕ್ಟರಿಗೆ 108ಕ್ಕೆ ಫೋನ್ ಮಾಡೋ ಕೆಲಸ. ಪಕ್ಕಕ್ಕೆ ಹೊರಳಿಸಿ ಮಲಗಿಸಿದ ಮೇಲೆ ಬಾಯಿಂದ ನೊರೆ ತಾನಾಗೇ ಹೊರಗೆ ಬಂತು, ಅದುರು ನಿಂತಿತು. ಕಬ್ಬಿಣದಿಂದಲೇ ನಿಂತಿದ್ದು ಅಂತ ಅಲ್ಲಿದ್ದ ಅರ್ಧ ಜನ ಇವತ್ತಿಗೂ ನಂಬಿರ್ತಾರೆ, ಇರಲಿ ಬಿಡು.

ತೋಟಗಳಲ್ಲಿ ಹಾವು ಕಚ್ಚಿದವರದ್ದೂ ಇದೇ ಕಥೆ. ನಾವು ಹೋಗೋದರೊಳಗೆ ಸೈಕಲ್ ಟ್ಯೂಬೋ ಪಂಚೆ ಚೂರೋ ಬಿಗಿದು ಕಟ್ಟಿರ್ತಾರೆ. ಕಟ್ಟಲೇಬಾರದಿತ್ತು, ಆದ್ರೆ ಕಟ್ಟಿದ ಮೇಲೆ ದಿಢೀರಂತ ಬಿಚ್ಚೋ ಹಾಗೂ ಇಲ್ಲ. ಆಂಟಿವೆನಮ್ ಇರೋ ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿ ಬಿಚ್ಚಬೇಕು. 'ಡಾಕ್ಟ್ರೇ, ಬಿಚ್ಚಿ ಬಿಚ್ಚಿ' ಅಂತ ಸುತ್ತ ಕೂಗ್ತಿರುವಾಗ ಸುಮ್ಮನಿರೋದು ಇದೆಯಲ್ಲ, ಅದಕ್ಕೆ ಗಟ್ಟಿ ಎದೆ ಬೇಕು.

ನಾನು ಯಾವಾಗಲೂ ಜೊತೆಗೆ ಇಟ್ಟುಕೊಳ್ಳೋ ಔಷಧಿ ಒಂದಿದೆ, ಅಡ್ರಿನಾಲಿನ್, ಜೀವಕ್ಕೇ ಕುತ್ತು ತರೋ ಅಲರ್ಜಿಗೆ ಕೊಡೋ ಇಂಜೆಕ್ಷನ್ನು. ನಮ್ಮ ಕಡೆ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಮೆಣಸು ಕುಯ್ಯೋವಾಗ ಹೆಜ್ಜೇನು ಎದ್ದುಬಿಡುತ್ತೆ. ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ಹಾಗೇ ಆಗಿ, ಕೆಲಸದ ಹೆಂಗಸೊಬ್ಬರು ಕಣದಲ್ಲಿ ಬಂದು ಕೂತರು. ಮುಳ್ಳು ಬಹಳ ಹೊಕ್ಕಿರಲಿಲ್ಲ. ಆದ್ರೆ ಕುತ್ತಿಗೆ ತುಂಬ ದದ್ದು, ತುಟಿ ಊದಿತ್ತು, ಮಾತಾಡಿದ್ರೆ ದನಿಯೇ ಅವರದ್ದಲ್ಲ. 'ಗಂಟಲು ಕಟ್ತಾ ಇದೆ ಅಣ್ಣಾ' ಅಂದ್ರು. ತೋಟದ ಲೆಕ್ಕ ನೋಡೋ ರೈಟರು ಅಲರ್ಜಿಯ ಆವಿಲ್ ಮಾತ್ರೆ ಹುಡುಕ್ತಿದ್ರು. ಆವಿಲ್ ಆಮೇಲಾಯ್ತು, ಮೊದಲು ಅಡ್ರಿನಾಲಿನ್. ಅರ್ಧ ಎಂಎಲ್, ತೊಡೆಯ ಹೊರಭಾಗದ ಸ್ನಾಯುವಿಗೆ, ಸೀರೆ ಮೇಲಿಂದಲೇ ಚುಚ್ಚಿದೆ. ಜೀಪಿನಲ್ಲಿ ಒರಗಿಸಿ ಕೂರಿಸಿಕೊಂಡು ಹೊರಟೆವು, ದಾರಿಯಲ್ಲಿ ಬೇಕಾಗಬಹುದು ಅಂತ ಎರಡನೇ ಡೋಸು ಕೈಯಲ್ಲೇ ಇತ್ತು. ಬೇಕಾಗಲಿಲ್ಲ. ಒಂದು ಆಂಪ್ಯೂಲಿಗೆ ಒಂದು ಕಾಫಿಯಷ್ಟು ದುಡ್ಡು, ನಮ್ಮವರ ಎಷ್ಟು ಜನರ ಬ್ಯಾಗಿನಲ್ಲಿದೆ ಹೇಳು? ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇಡಬೇಡ, ಬಿಸಿಲಿಗೆ ಹಾಳಾಗುತ್ತೆ.

ಕೇಸು ಬಿದ್ರೆ ಅಂತ ಹೆದರ್ತೀಯ. ಹೆದರಿಕೆ ಸುಳ್ಳಲ್ಲ, ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಎದ್ದವರನ್ನ ನಾನೂ ಬಲ್ಲೆ. ಆದ್ರೆ ಕಾನೂನು ಈಗ ಆ ಕಾಲದ್ದಲ್ಲ. ನೆರವಾದವರಿಗೆ ರಕ್ಷಣೆ ಕೊಡೋ ಕಾಯ್ದೆಯನ್ನ ನಮ್ಮ ರಾಜ್ಯ 2016ರಲ್ಲೇ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ರಸ್ತೆ ಅಪಘಾತಕ್ಕಂತೂ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅನ್ನೋ ಸೆಕ್ಷನ್ ಸೇರಿಸಿದ್ದಾರೆ. ಪ್ರತಿಫಲ ಬಯಸದೆ, ಸದುದ್ದೇಶದಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ಲೂ ಇಲ್ಲ, ಕ್ರಿಮಿನಲ್ಲೂ ಇಲ್ಲ. ಇನ್ನು ನಮ್ಮ ಕರ್ತವ್ಯದ ಮಾತು ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿ ಮುಗಿಸಿದೆ. ಸ್ಕೂಟರ್ ಸವಾರನೊಬ್ಬ ಪೆಟ್ಟು ತಿಂದು ಬಂದಾಗ ಇದು ಪೊಲೀಸ್ ಕೇಸು ಅಂತ ಹತ್ತಿರದ ಆಸ್ಪತ್ರೆ ಬೇರೆ ಕಡೆ ಕಳಿಸಿತ್ತು, ಆತ ದಾರಿಯಲ್ಲೇ ಹೋದ. ಸರ್ಕಾರಿಯೋ ಖಾಸಗಿಯೋ, ಪ್ರತಿ ವೈದ್ಯನೂ ಜೀವ ಉಳಿಸೋಕೆ ಮುಂದಾಗಬೇಕು ಅಂತ ಅದರ ತೀರ್ಪು.

ಹಾಗಂತ ಇಪ್ಪತ್ನಾಲ್ಕು ಗಂಟೆಯೂ ಕಿವಿ ನಿಮಿರಿಸಿಕೊಂಡೇ ಇರು ಅಂತ ನಾನು ಹೇಳ್ತಿಲ್ಲ. ಹಾಗೆ ಇರೋಕೆ ಹೋಗಿ ಮಕ್ಕಳ ಜೊತೆ ಹತ್ತು ನಿಮಿಷ ಕೂರೋಕಾಗದೆ ಸುಣ್ಣವಾದವರನ್ನ ನೋಡಿದ್ದೀವಿ. ಎರಡು ಪೆಗ್ ಹಾಕಿದ್ರೆ ಹಾಕಿದ್ದೀನಿ ಅಂತ ಹೇಳಿಬಿಡು. ಹೃದಯ ನಿಂತವರ ಎದೆ ಒತ್ತೋಕೆ, ಫೋನ್ ಮಾಡೋಕೆ ಅದೇನೂ ಅಡ್ಡ ಬರಲ್ಲ, ಸೂಜಿ ಮಾತ್ರ ಹಿಡೀಬೇಡ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ನಾನು ಫೋನ್ ಸೈಲೆಂಟ್ ಮಾಡಿ ಮಲಗ್ತೀನಿ. ಪಕ್ಕದ ಮನೆಯವರಿಗೆ ಬಾಗಿಲು ಬಡಿಯೋದು ಗೊತ್ತು, ಅಷ್ಟು ಸಾಕು.

ಇನ್ನು ನಮ್ಮ ಬೆಟ್ಟದ ವಿಷಯ. ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ರಾತ್ರಿಯಿಂದಲೇ ಹತ್ತುತ್ತಾರೆ, ಬಹಳ ಮಂದಿ ಬರಿಗಾಲು, ಹೆಗಲ ಮೇಲೆ ಸೌದೆ, ಕೈಯಲ್ಲಿ ತುಪ್ಪ. ಮಳೆ ಬಂದ್ರೆ ದಾರಿ ಜಾರುತ್ತೆ. ತುದಿವರೆಗೆ ಗಾಡಿ ಬರಲ್ಲ, ನೆಟ್‌ವರ್ಕ್ ನಂಬೋ ಹಾಗಿಲ್ಲ. ಅಲ್ಲಿ ಯಾರಾದ್ರೂ ಕುಸಿದ್ರೆ ಕೆಳಗಿಳಿಸೋವರೆಗೆ ನಾವೇ. ಎದೆ ಒತ್ತೋದನ್ನ ಸರಿಯಾಗಿ ಮಾಡಿದ್ರೆ ಎರಡು ನಿಮಿಷಕ್ಕೆ ತೋಳು ಸೋಲುತ್ತೆ, ನಿನಗಂತೂ ಒಂದಕ್ಕೇ. ಅದಕ್ಕೇ ನಮ್ಮ ತೋಟದ ಹುಡುಗರಿಗೆ ದಿಂಬಿನ ಮೇಲೆ ಕಲಿಸಿದ್ದೀನಿ: ನಿಮಿಷಕ್ಕೆ 100ರಿಂದ 120, ಎರಡು ಇಂಚು ಆಳ, ಎರಡು ನಿಮಿಷಕ್ಕೊಮ್ಮೆ ಆಳು ಬದಲು. ಅವರೂ ನಮ್ಮ ಜೊತೆ ಹತ್ತುತ್ತಾರೆ. ಮಾರನೇ ದಿನ ಚಾರ್ಮಾಡಿ ಕಡೆ ಹೋಗೋಣ ಅಂದಿದ್ದೀಯ. ಘಾಟಿಯಲ್ಲಿ ಏನಾದ್ರೂ ಕಂಡ್ರೆ ಎಷ್ಟನೇ ತಿರುವು, ಅಣ್ಣಪ್ಪಸ್ವಾಮಿ ಗುಡಿಗಿಂತ ಮೇಲೋ ಕೆಳಗೋ ಅಂತ ಗುರುತು ಹಿಡ್ಕೋ. ಆಂಬುಲೆನ್ಸು ಮೂಡಿಗೆರೆ ಕಡೆಯಿಂದ ಇಳಿದು ಬರಬೇಕೋ, ಬೆಳ್ತಂಗಡಿ ಕಡೆಯಿಂದ ಹತ್ತಿ ಬರಬೇಕೋ ಅನ್ನೋದು ಅದರ ಮೇಲೇ ನಿಂತಿದೆ.

ನಿನ್ನ ಕಂಡಿಷನ್ ಒಪ್ಪಿದ್ದೀನಿ. ಊರವರಿಗೆ ನೀನು ಬ್ಯಾಂಕಿನಲ್ಲಿ ಕೆಲಸ ಮಾಡ್ತೀಯ ಅಂತಲೇ ಹೇಳ್ತೀನಿ, ಸಾಲದ ಬಗ್ಗೆ ಕೇಳೋಕೆ ಬಂದ್ರೆ ನೀನೇ ನಿಭಾಯಿಸ್ಕೋ. ಬರುವಾಗ ಬೆಂಗಳೂರಿನಿಂದ ಬಾಯಿಂದ ಉಸಿರು ಕೊಡೋವಾಗ ಇಡೋ ಪಾಕೆಟ್ ಮಾಸ್ಕ್ ಒಂದು ತಗೊಂಡು ಬಾ, ನನ್ನದರ ವಾಲ್ವ್ ಅಂಟಿಕೊಂಡಿದೆ, ಇಲ್ಲಿ ಎಲ್ಲೂ ಸಿಕ್ತಿಲ್ಲ. ಜರ್ಕಿನ್ ಮರೀಬೇಡ.

ಇಂತಿ ನಿನ್ನ
ಹಳೇ ರೂಮ್‌ಮೇಟು