ಭಾನುವಾರ ನಾಣ್ಯ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 3 ಗಂಟೆಗೆ ಬದಿಯಡ್ಕದ ನಮ್ಮ ಮನೆಯಲ್ಲಿ ಸೇರೋಣ. ಹಳೆ ನಾಣ್ಯ ಅಸಲಿಯೋ ನಕಲಿಯೋ ಎಂದು ಕೇಳಿದವರೆಲ್ಲ ಕೈಯಲ್ಲೇ ತನ್ನಿ. ಬರೀ ಫೋಟೋ ನೋಡಿ ಹೇಳಲು ಆಗುವುದಿಲ್ಲ, ಒತ್ತಾಯ ಬೇಡ.

ಬರುವ ಮೊದಲು ನೀವೇ ಸ್ವಲ್ಪ ನೋಡಿಕೊಳ್ಳಿ. ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ಸವೆದಿದ್ದರೆ ತುಸು ಕಡಿಮೆ ಬರುತ್ತದೆ. 10 ಗ್ರಾಂಗೆ ಇಳಿದರೆ ಅನುಮಾನ ಪಡಿ. ಚಿನ್ನದಂಗಡಿಯ ತಕ್ಕಡಿಯಲ್ಲೇ ತೂಗಿಸಿ, ಅಡುಗೆಮನೆಯದ್ದು ಸಾಲದು. ಆಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಕಥೆ ಮುಗಿಯಿತು. ಅಂಟದಿದ್ದರೆ ಅಸಲಿ ಅಂತಲ್ಲ, ಹಿತ್ತಾಳೆಯೂ ಅಂಟುವುದಿಲ್ಲ ಅಲ್ವಾ? ಆಮೇಲೆ ಭೂತಗನ್ನಡಿ ಹಿಡಿದು ಅಂಚನ್ನು ನಿಧಾನ ತಿರುಗಿಸಿ. ಎರಕ ಹೊಯ್ದ ನಕಲಿಯಾದರೆ ಅಂಚಿನ ಗೀರುಗಳ ನಡುವೆ ಸುತ್ತಲೂ ಒಂದು ಜೋಡಣೆಯ ಗೆರೆ ಕಾಣಬಹುದು. ಮುಖದ ಮೇಲೆ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅಕ್ಷರಗಳು ಮೊಂಡಾಗಿರುತ್ತವೆ.

ಒಂದು ಬದಿ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1818 ಎಂದಿರುವುದನ್ನು ಸುಮ್ನೆ ಹೊತ್ತು ತರಬೇಡಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ದೇವರ ಕೋಣೆಯಲ್ಲಿ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಅದಕ್ಕೆ ಲಕ್ಷ ಕೊಡುತ್ತೇನೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಮಾಡುವವರಿಗೆ ಮಾತ್ರ ಒಂದು ಪೈಸೆಯೂ ಕಳಿಸಬೇಡಿ.

ಮತ್ತೆ, ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಎಷ್ಟು ನಾಣ್ಯ ಎಂದು ಇಲ್ಲೇ ಹಾಕಿ. ಒಬ್ಬರಿಗೆ ಐದಕ್ಕಿಂತ ಜಾಸ್ತಿ ಬೇಡ. ಕುಂಬಳೆ ಕಡೆಯವರು ಯಾರಾದರೂ ಕಾರಿನಲ್ಲಿ ಬರುವುದಿದ್ದರೆ ತಿಳಿಸಿ, ಬಸ್ಸಿಗೆ ಕಾಯುವ ಹಿರಿಯರಿಗೆ ಅನುಕೂಲ.