ಅಣೆಕಟ್ಟಿಗೆ ಮೊದಲು ಸುಟ್ಟ ಮೋಟರ್ ನೋಡಿ

ಮಾನ್ಯ ಸಂಪಾದಕರೇ,

ಆಗ್ನೇಯ ಏಷ್ಯಾದ ದೇಶಗಳಿಗೆ ಶುದ್ಧ ಇಂಧನಕ್ಕೆಂದು ಹೊರಗಿನಿಂದ ಬರುವ ಹಣದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇಂಡೋನೇಷ್ಯಾದ ಸಿರಾಟಾ ಜಲಾಶಯದ ಮೇಲೆ 2023ರಲ್ಲಿ ಶುರುವಾದ 192 ಮೆಗಾವ್ಯಾಟ್‌ನ ತೇಲುವ ಸೋಲಾರ್ ಫೋಟೋ ಚೆನ್ನಾಗಿತ್ತು. ನಮ್ಮ ಕಾಳಿ ನದಿಯ ಸೂಪಾ, ಕದ್ರಾ ಅಣೆಕಟ್ಟುಗಳ ಹಿನ್ನೀರಲ್ಲೂ ಹೀಗೇ ಮಾಡಬಹುದಲ್ವಾ ಅಂತ ಅಂಗಡಿಗೆ ಬಂದವರು ಕೇಳಿದರು. ಮಾಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಆಕಾಶ ಹೇಗಿರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ಮಾಡಲಿ. ಆದರೆ ನಿಮ್ಮ ಲೇಖಕರು ಒಂದೇ ಸಾಲಲ್ಲಿ ಮುಗಿಸಿದ, ಥಾಯ್ಲೆಂಡಿನವರು ಕರೆಂಟ್ ಉಳಿಸಿದ ವಿಷಯ ನನಗೆ ಜಾಸ್ತಿ ಹಿಡಿಸಿತು.

ನಾನು ಕುಮಟಾದಲ್ಲಿ ಮೋಟರ್ ವೈಂಡಿಂಗ್ ಮಾಡುವವ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವವ. ಅಪ್ಪನ ಕಾಲದಿಂದ ಇದೇ ಕಸುಬು. ತೋಟದ ಪಂಪು, ತದಡಿ ಕಡೆಯ ಐಸ್ ಪ್ಲಾಂಟಿನ ಮೋಟರು, ಅಘನಾಶಿನಿ ದಂಡೆಯ ಸಿಗಡಿ ಕೆರೆಗಳ ನೀರಿಗೆ ಗಾಳಿ ಬೆರೆಸುವ ಏರಿಯೇಟರು, ಹಿಟ್ಟಿನ ಗಿರಣಿಯದ್ದು, ಎಲ್ಲ ಸುಟ್ಟ ಮೇಲೆ ನನ್ನ ಹತ್ತಿರ ಬರುತ್ತವೆ. ಹಾಗಾಗಿ ಕರೆಂಟು ಎಲ್ಲಿ ಪೋಲಾಗುತ್ತದೆ ಅನ್ನುವುದು ನನಗೆ ಸ್ವಲ್ಪ ಗೊತ್ತು.

ಥಾಯ್ಲೆಂಡಿನಲ್ಲಿ ಆದದ್ದು ಇಷ್ಟು. 1993ರಲ್ಲಿ ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ಕರೆಂಟ್ ಉಳಿಸುವ ಯೋಜನೆ ಶುರು ಮಾಡಿತು. ವಿಶ್ವಬ್ಯಾಂಕಿನ ಮೂಲಕ ಜಾಗತಿಕ ಪರಿಸರ ನಿಧಿಯ ನೆರವೂ ಸಿಕ್ಕಿತು. ಆಗ ಅಲ್ಲಿ ಎಲ್ಲರೂ ಉರಿಸುತ್ತಿದ್ದದ್ದು 40 ವ್ಯಾಟಿನ ದಪ್ಪ ಟ್ಯೂಬ್‌ಲೈಟ್. ಸಂಸ್ಥೆಯವರು ಟ್ಯೂಬ್ ತಯಾರಿಸುವ ಕಂಪನಿಗಳನ್ನೇ ಕೂರಿಸಿಕೊಂಡು ಮಾತಾಡಿದರು. ನೀವೆಲ್ಲ ದಪ್ಪದ್ದು ಬಿಟ್ಟು 36 ವ್ಯಾಟಿನ ಸಪೂರದ್ದು ಮಾಡಿ, ಬೆಳಕು ಅಷ್ಟೇ ಬರುತ್ತದೆ ಅಂತ ಜನರಿಗೆ ತಿಳಿಸುವ ಕೆಲಸ ನಮ್ಮದು ಅಂದರು. ಕಂಪನಿಗಳು ಒಪ್ಪಿದವು. ಕೆಲವೇ ವರ್ಷದಲ್ಲಿ ಮಾರುಕಟ್ಟೆಯೇ ಬದಲಾಯಿತು. ಹೊಸ ಟ್ಯೂಬು ಹಳೇ ಪಟ್ಟಿಗೇ ಕೂರುತ್ತಿತ್ತು, ಎಲೆಕ್ಟ್ರಿಷಿಯನ್ ಕರೆಯುವ ಕೆಲಸವೂ ಇರಲಿಲ್ಲ. ಫ್ರಿಜ್ಜುಗಳಿಗೆ 1ರಿಂದ 5ರವರೆಗೆ ನಂಬರಿನ ಚೀಟಿ ಬಂತು, 5 ಅಂದರೆ ಅತಿ ಕಡಿಮೆ ಕರೆಂಟ್ ತಿನ್ನುವುದು. ನಮ್ಮ ದೇಶದ ಸ್ಟಾರ್ ಚೀಟಿ ಶುರುವಾದದ್ದು 2006ರಲ್ಲಿ.

ನಾಲ್ಕು ವ್ಯಾಟ್ ಏನು ಮಹಾ ಅಂತ ಕೇಳಬಹುದು. ಥಾಯ್ಲೆಂಡಿನ ಬೇಡಿಕೆಗೆಂದು ಪಕ್ಕದ ಲಾವೋಸ್‌ನಲ್ಲಿ ನಾಮ್ ಥೆನ್ 2 ಅಣೆಕಟ್ಟು ಕಟ್ಟಿದರು. ಅದಕ್ಕೂ ವಿಶ್ವಬ್ಯಾಂಕ್ ಮತ್ತು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಬೆಂಬಲ. 2010ರಲ್ಲಿ ಶುರುವಾಯಿತು. ಸಾವಿರ ಮೆಗಾವ್ಯಾಟಿಗೂ ಜಾಸ್ತಿ, ಬಹುಪಾಲು ಗಡಿ ದಾಟಿ ಹೋಗುತ್ತದೆ. ಲಾವೋಸ್‌ನ 6,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಕಡತದಲ್ಲಿ ಇದೂ ಶುದ್ಧ ಇಂಧನವೇ. ಸೂಪಾ ಊರನ್ನೇ ನೀರಿಗೆ ಬಿಟ್ಟುಕೊಟ್ಟ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬ್ಯಾಂಕಾಕಿನಲ್ಲಿ ಉಳಿದ ವ್ಯಾಟಿಗೆ ಬೆಲೆ ಬರುವುದು ಲಾವೋಸ್‌ನ ಹಳ್ಳಿಯಲ್ಲಿ.

ನಮ್ಮಲ್ಲಿ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ಆಯಿತು. ಕೈಗಾದಲ್ಲಿ 880 ಮೆಗಾವ್ಯಾಟ್ ಇದೆ, ಇನ್ನೆರಡು 700ರ ಘಟಕ ಬರಲಿವೆ. ಈಗ ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಅಂತ ಗೇರುಸೊಪ್ಪದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ಮಾತು. ಎತ್ತುವಾಗ ತಗೊಳ್ಳುವ ಕರೆಂಟು ಇಳಿಸುವಾಗ ಸಿಗುವುದಕ್ಕಿಂತ ಜಾಸ್ತಿ. ಬೇಡಿಕೆ ಏರುವ ಹೊತ್ತಿಗೆ ಬೇಕು ಅನ್ನುತ್ತಾರೆ. ಹಾಗಾದರೆ ಆ ಹೊತ್ತಿನ ಬೇಡಿಕೆ ಎಷ್ಟು ಇಳಿಸಬಹುದು ಅಂತ ಮೊದಲು ನೋಡಬಾರದಾ?

ಇಲ್ಲಿ ನನ್ನ ಅಂಗಡಿಯ ಮಾತು ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಎಲ್ಲ ಪಂಪುಗಳೂ ಒಟ್ಟಿಗೇ ಏಳುತ್ತವೆ. ವೋಲ್ಟೇಜ್ ಕುಸಿಯುತ್ತದೆ. ಮೋಟರ್ ಅದೇ ನೀರೆತ್ತಲು ಜಾಸ್ತಿ ಆಂಪಿಯರ್ ಎಳೆದು, ಕಾದು, ಸುಡುತ್ತದೆ. ನಾವು ಹಳೇ ಕಾಯಿಲ್ ತೆಗೆಯಲು ಸ್ಟೇಟರಿಗೆ, ಅಂದರೆ ಮೋಟರಿನ ತಿರುಗದ ಭಾಗಕ್ಕೆ, ಬೆಂಕಿ ಹಿಡಿಸುತ್ತೇವೆ. ಶಾಖ ಮಿತಿ ಮೀರಿದರೆ ಒಳಗಿನ ತೆಳು ತಗಡುಗಳ ನಡುವಿನ ಲೇಪ ಹೋಗುತ್ತದೆ. ತಂತಿಯ ಗೇಜ್ ಒಂದು ನೂಲು ಆಚೀಚೆ ಆದರೂ ಮುಗೀತು. ಮೋಟರ್ ತಿರುಗುತ್ತದೆ, ನೀರೂ ಬರುತ್ತದೆ, ಆದರೆ ಮೊದಲಿಗಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ. ಮುಂದಿನ ಬೇಸಿಗೆಗೆ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ರೈತರು 5 ಎಚ್‌ಪಿ ಸಾಲುವಲ್ಲಿ ಏಳೂವರೆ ಕೂರಿಸುತ್ತಾರೆ. 10 ಎಚ್‌ಪಿವರೆಗಿನ ಪಂಪಿಗೆ ಬಿಲ್ಲೇ ಇಲ್ಲ, ಅವರನ್ನು ದೂರಿ ಏನು ಪ್ರಯೋಜನ? ಪೈಪಿನ ಬುಡಕ್ಕೆ ಒಳ್ಳೆಯ ಫುಟ್‌ವಾಲ್ವ್, ಒಂದು ಸೈಜು ದೊಡ್ಡ ಪೈಪು ಹಾಕಿದರೆ ಮೋಟರಿಗೆ ಎಷ್ಟೋ ಹಗುರ. ಆ ಖರ್ಚು ಯಾಕೆ ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮೋಟರ್ ಸುಟ್ಟರೆ ನನಗೇ ವ್ಯಾಪಾರ ಅಂತ ಹೆಂಡತಿ ನಗುತ್ತಾಳೆ, ಅದು ಬೇರೆ ವಿಷಯ.

ಹೊಸ ಪಂಪ್ ಹಂಚಿದರೆ ಸರಿಹೋಗುತ್ತದೆ ಅನ್ನುವವರು ಫಿಲಿಪೀನ್ಸ್ ಕಡೆ ನೋಡಲಿ. 2012ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಅಲ್ಲಿ 30 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. 1 ಲಕ್ಷ ಬ್ಯಾಟರಿ ರಿಕ್ಷಾ ರಸ್ತೆಗೆ ತರುವ ಗುರಿ. ಅಷ್ಟು ಬೆಲೆಯ ಗಾಡಿಗೆ ಸಾಲ ತಗೊಳ್ಳಲು ಚಾಲಕರು ಮುಂದೆ ಬರಲಿಲ್ಲ. ಕೊನೆಗೆ ಯೋಜನೆ 3,000 ಗಾಡಿಗೆ ಇಳಿಯಿತು. ವಿಯೆಟ್ನಾಂನಲ್ಲಿ ಇನ್ನೊಂದು ತರಹ. ಒಳ್ಳೆಯ ದರ ಸಿಗುತ್ತದೆಂದು 2019ರಲ್ಲಿ ಸೋಲಾರ್ ಮೇಲೆ ಮುಗಿಬಿದ್ದರು, ಲೈನ್ ಎಳೆಯುವುದು ಹಿಂದೆ ಬಿತ್ತು. ಬಿಸಿಲಿದ್ದರೂ ಪ್ಯಾನೆಲ್ ತಯಾರಿಸಿದ್ದನ್ನು ಪೂರ್ತಿ ತಗೊಳ್ಳಲು ಆಗಲಿಲ್ಲ. ಇನ್ನು ಕೋಟಿ ಕೋಟಿಯ ಭರವಸೆಗಳು. 2022ರಲ್ಲಿ ಇಂಡೋನೇಷ್ಯಾಕ್ಕೆ 2,000 ಕೋಟಿ ಡಾಲರ್ ಕೊಡುತ್ತೇವೆ ಎಂದ ದೇಶಗಳ ಗುಂಪಿನಿಂದ ಅಮೆರಿಕ 2025ರಲ್ಲಿ ಎದ್ದು ಹೋಯಿತು.

ನಮ್ಮ ಜಿಲ್ಲೆಗೆ ಅಂಥ ಹಣ ಬಂದರೆ, ಬರದಿದ್ದರೆ ಸರ್ಕಾರದ್ದೇ ಆಗಲಿ, ನನ್ನ ಕೇಳಿಕೆ ಸಣ್ಣದು. ಪ್ರತಿ ತಾಲ್ಲೂಕಿನ ಐಟಿಐಯಲ್ಲಿ ಒಂದು ಮೋಟರ್ ಪರೀಕ್ಷಿಸುವ ಬೆಂಚು ಇಡಿ. ವೈಂಡಿಂಗ್ ಆದ ಮೋಟರನ್ನು ಅಲ್ಲಿ ಓಡಿಸಿ, ಲೋಡ್ ಇಲ್ಲದಾಗ ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ, ಚೀಟಿ ಅಂಟಿಸಿ ಕಳಿಸಲಿ. ಬೆಂಕಿ ಹಿಡಿಸುವ ಬದಲು ಶಾಖದ ಅಳತೆ ಇರುವ ಒಲೆ ಕೊಳ್ಳಲು ನಮ್ಮಂಥವರಿಗೆ ಸಾಲ ಕೊಡಲಿ, ಹುಡುಗರಿಗೆ ತರಬೇತಿ ಕೊಡಲಿ. ಪಂಪ್ ಕಂಪನಿಗಳನ್ನು ಥಾಯ್ಲೆಂಡಿನವರ ಹಾಗೆ ಒಟ್ಟಿಗೆ ಕೂರಿಸಿ, ಕಡಿಮೆ ಸ್ಟಾರಿನ ಪಂಪು ನಮ್ಮ ಕಡೆಯ ಡೀಲರುಗಳಿಗೆ ಬರದ ಹಾಗೆ ಮಾಡಲಿ. ಮಾರುವ ಪಂಪಿನ ಬಿಡಿಭಾಗ ಹುಬ್ಬಳ್ಳಿಗೆ ಓಡದೆ ಇಲ್ಲೇ ಸಿಗಬೇಕು ಅನ್ನುವ ಷರತ್ತೂ ಇರಲಿ. ಶುರು ಮಾಡಲು ಸಿಗಡಿ ಕೆರೆಗಳೇ ಒಳ್ಳೆಯದು. ಏರಿಯೇಟರು ರಾತ್ರಿಯಿಡೀ ಓಡುತ್ತವೆ, ಅವರಿಗೆ ಬಿಲ್ಲು ಬರುತ್ತದೆ, ಉಳಿದದ್ದು ಮುಂದಿನ ತಿಂಗಳೇ ಕಾಣುತ್ತದೆ.

ಇಂತಿ ನಿಮ್ಮ ಓದುಗ,
ಮೋಟರ್ ವೈಂಡಿಂಗ್ ಅಂಗಡಿಯವ, ಕುಮಟಾ