ಪೂರ್ವಪಕ್ಷವಿರುವ ಪುಸ್ತಕಗಳು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಿಮ್ಮ ಪತ್ರವೂ ಅದರೊಂದಿಗೆ ಬಂದ ಕಥೆಯ ಹಸ್ತಪ್ರತಿಯೂ ತಲುಪಿ ಮೂರು ವಾರಗಳಾದವು. ಕಥೆಯನ್ನು ಎರಡು ಸಲವಾದರೂ ಓದಿದ ಮೇಲೆಯೇ ಬರೆಯಬೇಕೆಂದು ಕಾದೆ, ತಡವಾದದ್ದಕ್ಕೆ ಕ್ಷಮಿಸಿ. ದೇವರು, ನಂಬಿಕೆ, ಮನುಷ್ಯನನ್ನು ಮನುಷ್ಯನನ್ನಾಗಿ ಉಳಿಸುವುದು ಯಾವುದು ಎಂಬ ಪ್ರಶ್ನೆಗಳು ನಿಮ್ಮನ್ನು ಬಿಡದೆ ಕಾಡುತ್ತಿವೆ ಎಂದೂ, ಈ ವಿಷಯದಲ್ಲಿ ಯೋಚನೆಗೆ ಹಚ್ಚುವ ಹತ್ತು ಪುಸ್ತಕಗಳ ಪಟ್ಟಿ ಬೇಕೆಂದೂ ಬರೆದಿದ್ದೀರಿ. ಪಟ್ಟಿ ಕೊಡಲು ನನಗೆ ಮನಸ್ಸಿಲ್ಲ. ನಿಮ್ಮ ವಯಸ್ಸಿನಲ್ಲಿ ಹಿರಿಯರೊಬ್ಬರು ಕೊಟ್ಟ ಪಟ್ಟಿಯೊಂದನ್ನು ನಾನು ನಿಷ್ಠೆಯಿಂದ ಓದಿ ಮುಗಿಸಿದ್ದೆ. ಮುಗಿಸುವಷ್ಟರಲ್ಲಿ ಅವರ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ನನ್ನ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇತ್ತು. ಆದ್ದರಿಂದ, ಇಂಥ ಪುಸ್ತಕಗಳನ್ನು ನೀವೇ ಹುಡುಕಿಕೊಳ್ಳುವುದಕ್ಕೆ ನಾನು ಬಹುಕಾಲದಿಂದ ಬಳಸುತ್ತಿರುವ ಒಂದು ಅಳತೆಗೋಲನ್ನು ಕೊಡುತ್ತೇನೆ.

ನಮ್ಮ ಶಾಸ್ತ್ರಗ್ರಂಥಗಳ ಪರಂಪರೆಯಲ್ಲಿ ಪೂರ್ವಪಕ್ಷ ಎಂಬ ಮಾತಿದೆ. ತನ್ನ ಸಿದ್ಧಾಂತವನ್ನು ಸ್ಥಾಪಿಸಹೊರಟವನು ಮೊದಲು ಎದುರಾಳಿಯ ವಾದವನ್ನು ಎದುರಾಳಿಯೇ ಮೆಚ್ಚಬೇಕಾದ ರೀತಿಯಲ್ಲಿ ಮಂಡಿಸಬೇಕು, ಆಮೇಲೆ ಉತ್ತರ ಹೇಳಬೇಕು ಎಂಬುದು ಅದರ ಆಶಯ. ಎಲ್ಲರೂ ಇದನ್ನು ಪ್ರಾಮಾಣಿಕವಾಗಿ ಪಾಲಿಸಿದರೆಂದು ಹೇಳಲಾರೆ. ಎದುರಾಳಿಯನ್ನು ಹುಲ್ಲಿನ ಬೊಂಬೆ ಮಾಡಿ ಸುಟ್ಟವರೂ ಇದ್ದಾರೆ. ಆದರೂ ಚಾರ್ವಾಕರ ಗತಿಯನ್ನು ನೋಡಿ. ದೇವರನ್ನೂ ಪರಲೋಕವನ್ನೂ ಒಪ್ಪದ ಆ ಚಿಂತಕರ ಮೂಲಗ್ರಂಥ ಇಡಿಯಾಗಿ ಉಳಿದು ಬಂದಿಲ್ಲ, ಅವರ ವಾದ ನಮಗೆ ಸಿಗುವುದು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಬರವಣಿಗೆಯಲ್ಲಿ. 14ನೆಯ ಶತಮಾನದ ‘ಸರ್ವದರ್ಶನ ಸಂಗ್ರಹ’ ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ನಾಸ್ತಿಕನ ಮಾತು ಆಸ್ತಿಕನ ಬಾಯಲ್ಲಿ ಉಳಿಯಿತು ಎಂಬ ಈ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮೃದುವಾಗುತ್ತದೆ.

ನಂಬಿಕೆಯ ಕುರಿತ ಪುಸ್ತಕವೊಂದು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಈ ಪೂರ್ವಪಕ್ಷವನ್ನೇ. ಲೇಖಕರು ನಂಬುವವರಾಗಿದ್ದರೆ ಸಂದೇಹಕ್ಕೆ ಎಷ್ಟು ಬಲ ಕೊಟ್ಟಿದ್ದಾರೆ, ಸಂದೇಹಿಗಳಾಗಿದ್ದರೆ ನಂಬುವವರ ಅಂತರಂಗದ ಎಷ್ಟು ಹತ್ತಿರಕ್ಕೆ ಹೋಗಿದ್ದಾರೆ ಎಂದು ನೋಡುತ್ತೇನೆ. ಈ ಎರಡೂ ಇಲ್ಲದ ಪುಸ್ತಕ ಎಷ್ಟೇ ಸುಂದರವಾಗಿರಲಿ, ಅದು ಈಗಾಗಲೇ ಒಪ್ಪಿಕೊಂಡವರಿಗಾಗಿ ಬರೆದದ್ದು.

ಹಳೆಯ ಧರ್ಮಗ್ರಂಥಗಳನ್ನು ಈ ದೃಷ್ಟಿಯಿಂದ ಓದಿದರೆ ಆಶ್ಚರ್ಯ ಕಾದಿರುತ್ತದೆ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತದಲ್ಲಿರುವುದು ಏಳೇ ಮಂತ್ರಗಳು. ಸೃಷ್ಟಿ ಎಲ್ಲಿಂದ ಬಂತೆಂದು ಕೇಳುತ್ತ ಹೋಗುವ ಆ ಸೂಕ್ತ, ಪರಮವ್ಯೋಮದಲ್ಲಿದ್ದು ಇದನ್ನು ನೋಡುತ್ತಿರುವವನಿಗೆ ಅದು ತಿಳಿದಿರಬಹುದು, ಅಥವಾ ಅವನಿಗೂ ತಿಳಿಯದಿರಬಹುದು ಎಂದು ಹೇಳಿ ನಿಲ್ಲುತ್ತದೆ. ಬೈಬಲ್ಲಿನ ಯೋಬನ ಗ್ರಂಥವಂತೂ ಬರಹಗಾರರೆಲ್ಲರೂ ಓದಲೇಬೇಕಾದದ್ದು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನು ದೇವರನ್ನೇ ಪ್ರಶ್ನಿಸುತ್ತಾನೆ. ಅವನನ್ನು ಸಂತೈಸಲು ಬಂದ ಗೆಳೆಯರು, ದೇವರು ನ್ಯಾಯವಂತನಾದ್ದರಿಂದ ನೀನೇ ಏನೋ ತಪ್ಪು ಮಾಡಿರಬೇಕು ಎಂದು ದೇವರ ಪರವಾಗಿ ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ಯಾರ ಮೇಲೆ ತಿರುಗುತ್ತದೆ, ಗಮನಿಸಿ. ತನ್ನನ್ನು ಸಮರ್ಥಿಸಿದ ಆ ಗೆಳೆಯರ ಮೇಲೆಯೇ. ನನ್ನ ವಿಷಯದಲ್ಲಿ ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಎಂದು ಅವರಿಗೆ ಹೇಳುತ್ತಾನೆ. ಮೊದಲ ಸಲ ಈ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮಧ್ಯಯುಗದ ಪಂಡಿತರಲ್ಲಿಯೂ ಇದೇ ಶಿಸ್ತನ್ನು ಕಾಣಬಹುದು. ಇಸ್ಲಾಮಿನ ಧರ್ಮಪಂಡಿತ ಅಲ್ ಗಜ್ಜಾಲಿ ತತ್ತ್ವಜ್ಞಾನಿಗಳನ್ನು ಖಂಡಿಸುವ ಮೊದಲು ಅವರ ವಿಚಾರಗಳನ್ನೇ ವಿವರಿಸುವ ಗ್ರಂಥವನ್ನು ಎಷ್ಟು ನಿಚ್ಚಳವಾಗಿ ಬರೆದರೆಂದರೆ, ಅದನ್ನು ಲ್ಯಾಟಿನ್ ಅನುವಾದದಲ್ಲಿ ಓದಿದ ಯುರೋಪಿನ ವಿದ್ವಾಂಸರು ಅವರೂ ಆ ಪಂಥದವರೇ ಎಂದು ಬಹುಕಾಲ ತಿಳಿದಿದ್ದರು. 13ನೆಯ ಶತಮಾನದ ಕ್ರೈಸ್ತ ಧರ್ಮಪಂಡಿತ ಥಾಮಸ್ ಅಕ್ವಿನಾಸ್, ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ, ಇಲ್ಲವೆಂದು ತೋರುತ್ತದೆ ಎಂದೇ ಆರಂಭಿಸಿ, ಜಗತ್ತಿನಲ್ಲಿರುವ ಕೇಡನ್ನು ಮೊದಲ ಆಕ್ಷೇಪಣೆಯಾಗಿ ಇಡುತ್ತಾರೆ.

ಈ ಪಾಠವನ್ನು ನಾನು ಕಲಿತದ್ದು ತಡವಾಗಿ. ಮೊದಲ ಕಾದಂಬರಿಯಲ್ಲಿ ನಾನು ಒಬ್ಬ ಶ್ರದ್ಧಾವಂತ ವೃದ್ಧರನ್ನು ಚಿತ್ರಿಸಿದ್ದೆ. ಅವರ ಬಾಯಲ್ಲಿ ಹಾಕಿದ ಮಾತುಗಳೆಲ್ಲ ನನ್ನ ನಾಯಕ ಸುಲಭವಾಗಿ ಕತ್ತರಿಸಿ ಹಾಕಬಹುದಾದಂಥವು. ಪುಸ್ತಕ ಓದಿದ ಹಿರಿಯ ಓದುಗರೊಬ್ಬರು ನನಗೆ ಒಂದೇ ಪ್ರಶ್ನೆ ಬರೆದು ಕಳುಹಿಸಿದರು: “ಆ ಮುದುಕರು ಒಬ್ಬರೇ ಇದ್ದಾಗ ಏನು ಯೋಚಿಸುತ್ತಾರೆ?” ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅವರನ್ನು ಒಂಟಿಯಾಗಿ ಬಿಟ್ಟೇ ಇರಲಿಲ್ಲ. ನಾಯಕ ಕೋಣೆಗೆ ಬಂದಾಗ ಮಾತ್ರ ಅವರಿಗೆ ಜೀವ ಬರುತ್ತಿತ್ತು. ಆ ಪ್ರಶ್ನೆಯ ನಂತರವೇ ನಾನು ರಷ್ಯನ್ ಕಾದಂಬರಿಕಾರ ದಸ್ತಯೇವ್‌ಸ್ಕಿಯನ್ನು ಸರಿಯಾಗಿ ಓದಿದ್ದು.

ಅವರ ‘ಕರಮಜೋವ್ ಸಹೋದರರು’ ಕಾದಂಬರಿ 1879ರ ಆರಂಭದಿಂದ 1880ರ ಕೊನೆಯವರೆಗೆ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಪ್ರಕಟವಾಯಿತು. ಅದಕ್ಕೆ ಮುನ್ನ, 1878ರ ಮೇ ತಿಂಗಳಲ್ಲಿ, ಲೇಖಕರ ಕಿರಿಯ ಮಗ ಅಲ್ಯೋಶ ಮೂರು ವರ್ಷವೂ ತುಂಬುವ ಮುನ್ನ ಅಪಸ್ಮಾರದಿಂದ ತೀರಿಕೊಂಡಿದ್ದ. ಅಪಸ್ಮಾರ ತಂದೆಗೂ ಇತ್ತು. ಕ್ರಿಸ್ತನಲ್ಲಿ ಗಾಢ ನಂಬಿಕೆಯಿದ್ದ ಈ ಮನುಷ್ಯ, ಮಗನನ್ನು ಕಳೆದುಕೊಂಡ ಮರುವರ್ಷವೇ, ಆ ಕಾದಂಬರಿಯ ಪಾತ್ರವಾದ ಇವಾನನ ಬಾಯಿಂದ ದೇವರ ಲೋಕದ ವಿರುದ್ಧ ಅತ್ಯಂತ ಬಲವಾದ ವಾದವನ್ನು ಹೇಳಿಸಿದರು: ಹಿಂಸೆಗೊಳಗಾದ ಒಂದು ಮಗುವಿನ ಕಣ್ಣೀರಿನ ಮೇಲೆ ಕಟ್ಟಿದ ಶಾಶ್ವತ ಸಾಮರಸ್ಯ ನನಗೆ ಬೇಡ, ನನ್ನ ಪ್ರವೇಶ ಚೀಟಿಯನ್ನು ಹಿಂದಿರುಗಿಸುತ್ತೇನೆ. ಅದಕ್ಕೆ ಉತ್ತರವಾಗಿ ಅವರು ಇಟ್ಟದ್ದು ಸನ್ಯಾಸಿಯೊಬ್ಬರ ಜೀವನಕಥೆಯನ್ನು. ಆ ಉತ್ತರ ಸಾಲುತ್ತದೆಯೇ ಎಂಬ ಭಯವನ್ನು ಆ ಕಾಲದ ತಮ್ಮ ಪತ್ರದಲ್ಲಿ ಅವರೇ ತೋಡಿಕೊಂಡಿದ್ದಾರೆ. ಇವಾನನ ವಾದಕ್ಕೆ ಆ ಉತ್ತರ ಸಾಲದೆಂದು ಇಂದಿಗೂ ಅನೇಕ ಓದುಗರಿಗೆ ಅನ್ನಿಸುತ್ತದೆ. ನನಗೂ ಕೆಲವು ವರ್ಷ ಹಾಗೆ ಅನ್ನಿಸಿತ್ತು, ಈಗ ಅಷ್ಟು ಖಚಿತವಾಗಿ ಹೇಳಲಾರೆ. ಓದುಗನನ್ನು ಹೀಗೆ ದಶಕಗಟ್ಟಲೆ ಎರಡು ದಡಗಳ ನಡುವೆ ಓಡಾಡಿಸುವ ಶಕ್ತಿ ಆ ಕೃತಿಗೆ ಬಂದಿರುವುದು, ಬರೆದವರು ತಮ್ಮ ನಂಬಿಕೆಯನ್ನೇ ಪಣಕ್ಕಿಟ್ಟದ್ದರಿಂದ.

ಇನ್ನೊಂದು ಬಗೆಯ ಪೂರ್ವಪಕ್ಷವಿದೆ, ಅದು ವಾದಕ್ಕಿಂತ ಹತ್ತಿರದ್ದು. ಚಾರ್ಲ್ಸ್ ಡಾರ್ವಿನ್ ಮತ್ತು ಎಮ್ಮಾ 1839ರ ಜನವರಿಯಲ್ಲಿ ಮದುವೆಯಾದರು. ಆ ಕಾಲದಲ್ಲಿಯೇ ಎಮ್ಮಾ ಗಂಡನಿಗೆ ಒಂದು ಪತ್ರ ಬರೆದರು. ಸಾಬೀತಾಗುವವರೆಗೆ ಏನನ್ನೂ ನಂಬದಿರುವ ವಿಜ್ಞಾನದ ರೂಢಿ, ಹಾಗೆ ಸಾಬೀತು ಮಾಡಲಾಗದ ಬೇರೆ ಸಂಗತಿಗಳಲ್ಲಿಯೂ ನಿಮ್ಮ ಮನಸ್ಸನ್ನು ಆಳದಿರಲಿ ಎಂಬ ಕಳಕಳಿ ಅದರಲ್ಲಿದೆ. ಡಾರ್ವಿನ್ ನಂಬಿಕೆಗೆ ಮರಳಲಿಲ್ಲ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡದ್ದು ಆ ಮನೆಗೆ ದೊಡ್ಡ ಆಘಾತವಾಯಿತು. ಆದರೆ ಹೆಂಡತಿಯ ಆ ಪತ್ರವನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ನಾನು ಸತ್ತ ಮೇಲೆ ತಿಳಿ, ಇದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂಬ ಅರ್ಥದ ಸಾಲನ್ನು ಅದರ ಕೆಳಗೆ ಬರೆದಿಟ್ಟಿದ್ದರು. ಮುಂದೆ 1887ರಲ್ಲಿ ಅವರ ಆತ್ಮಕಥೆ ಅಚ್ಚಾದಾಗ, ಧರ್ಮದ ಕುರಿತು ಅವರು ಕಟುವಾಗಿ ಬರೆದಿದ್ದ ಕೆಲವು ಭಾಗಗಳನ್ನು ಕುಟುಂಬದವರು ಬಿಟ್ಟರು. 1958ರಲ್ಲಿ ಮೊಮ್ಮಗಳು ನೋರಾ ಬಾರ್ಲೋ ಅವುಗಳನ್ನು ಮರಳಿ ಸೇರಿಸಿ ಪ್ರಕಟಿಸಿದರು. ಆತ್ಮಕಥೆಯನ್ನು ಓದುವಾಗ ಯಾವ ಆವೃತ್ತಿ ಎಂದು ನೋಡಿ ತೆಗೆದುಕೊಳ್ಳಿ, ಆ ಪತ್ರವನ್ನೂ ಜೊತೆಗಿಟ್ಟುಕೊಂಡು ಓದಿ. ಒಂದೇ ಸೂರಿನಡಿ ಶ್ರದ್ಧೆಯೂ ಸಂದೇಹವೂ ಒಂದರ ನೋವನ್ನು ಇನ್ನೊಂದು ಬಲ್ಲಂತೆ ಬಾಳಿದ್ದು ಆಗ ತಿಳಿಯುತ್ತದೆ.

ಕನ್ನಡದಲ್ಲಿ ಗೆಳೆಯನನ್ನು ನಂಬುವುದಕ್ಕೂ ದೇವರನ್ನು ನಂಬುವುದಕ್ಕೂ ಒಂದೇ ಕ್ರಿಯಾಪದವಿರುವುದು ನನಗೆ ದೊಡ್ಡ ಕಾಣಿಕೆಯಾಗಿ ತೋರುತ್ತದೆ. “ನಂಬರು ನಚ್ಚರು ಬರಿದೆ ಕರೆವರು” ಎಂದು ಬಸವಣ್ಣನವರು ಹೇಳಿದಾಗ ಅವರ ದೂರು ನಾಸ್ತಿಕರ ಮೇಲಿಲ್ಲ, ಬರಿದೆ ಕರೆಯುವ ಭಕ್ತರ ಮೇಲಿದೆ. ವೈಚಾರಿಕರೆಂದೇ ಹೆಸರಾದ ಶಿವರಾಮ ಕಾರಂತರು ‘ಮೂಕಜ್ಜಿಯ ಕನಸುಗಳು’ ಬರೆಯುವಾಗ, ದೇವರುಗಳ ಹುಟ್ಟನ್ನೂ ಮನುಷ್ಯರ ಆಸೆಗಳನ್ನೂ ನೋಡುವ ಕಣ್ಣನ್ನು ಕೊಟ್ಟದ್ದು ಮನೆಯ ಒಬ್ಬ ಅಜ್ಜಿಗೆ. ನಿಮಗೆ ಹತ್ತಿರವೇ ಇರುವ ಇಂಥ ಪುಸ್ತಕಗಳನ್ನು ದೂರದವುಗಳ ಆಕರ್ಷಣೆಯಲ್ಲಿ ಮರೆಯಬೇಡಿ.

ಮನುಷ್ಯತ್ವದ ಪ್ರಶ್ನೆಗೆ ಬಂದರೆ, ಹೆಸರಿನಲ್ಲಿಯೇ ಆ ಪ್ರಶ್ನೆಯನ್ನು ಹೊತ್ತ ಪುಸ್ತಕವೊಂದನ್ನು ನೀವು ಓದಲೇಬೇಕು: ಪ್ರಿಮೋ ಲೇವಿಯವರ ‘ಇವನು ಮನುಷ್ಯನೇ ಆಗಿದ್ದರೆ’. ಲೇವಿ ಟ್ಯೂರಿನ್ನಿನ ರಸಾಯನ ವಿಜ್ಞಾನಿ, 1944ರ ಫೆಬ್ರವರಿಯಿಂದ 1945ರ ಜನವರಿಯವರೆಗೆ ನಾಜಿಗಳ ಯಾತನಾ ಶಿಬಿರವಾದ ಆಶ್ವಿಟ್ಜ್‌ನಲ್ಲಿ ಕೈದಿಯಾಗಿದ್ದವರು, ದೇವರನ್ನು ನಂಬದವರು. ದೊಡ್ಡ ಪ್ರಕಾಶಕರು ಹಸ್ತಪ್ರತಿಯನ್ನು ತಿರಸ್ಕರಿಸಿದ ಮೇಲೆ 1947ರಲ್ಲಿ ಸಣ್ಣ ಪ್ರಕಾಶನವೊಂದು 2,500 ಪ್ರತಿಗಳನ್ನು ಅಚ್ಚು ಹಾಕಿತು. ಅದು ವ್ಯಾಪಕವಾಗಿ ಓದುಗರನ್ನು ತಲುಪಿದ್ದು 1958ರ ಮರುಮುದ್ರಣದ ನಂತರ. ಅದರಲ್ಲಿ ಒಂದು ಅಧ್ಯಾಯವಿದೆ. ಲೇವಿ ಮತ್ತು ಜೀನ್ ಎಂಬ ತರುಣ ಕೈದಿ ಸೂಪಿನ ಪಾತ್ರೆಯನ್ನು ತರಲು ನಡೆದು ಹೋಗುತ್ತಿದ್ದಾರೆ. ಜೀನ್‌ಗೆ ಇಟಾಲಿಯನ್ ಕಲಿಯುವ ಆಸೆ. ಲೇವಿ ಅವನಿಗೆ ಇಟಲಿಯ ಮಹಾಕವಿ ದಾಂತೆಯ ಕಾವ್ಯದಿಂದ, ಗ್ರೀಕ್ ವೀರ ಯೂಲಿಸಿಸ್ ತನ್ನ ನಾವಿಕರಿಗೆ ಹೇಳುವ ಮಾತನ್ನು ನೆನಪಿನಿಂದ ಹೇಳಿಕೊಡಲು ಹೊರಡುತ್ತಾರೆ: ಮೃಗಗಳಂತೆ ಬಾಳಲು ನೀವು ಹುಟ್ಟಿದವರಲ್ಲ. ನಡುವೆ ಕೆಲವು ಸಾಲುಗಳು ಮರೆತುಹೋಗಿವೆ. ಆ ಸಾಲುಗಳನ್ನು ಜೋಡಿಸಿಕೊಳ್ಳಲು ಸಾಧ್ಯವಾದರೆ ಇಂದಿನ ಸೂಪನ್ನೇ ಕೊಟ್ಟುಬಿಡುತ್ತಿದ್ದೆ ಎನ್ನುತ್ತಾರೆ ಆ ಹಸಿದ ಮನುಷ್ಯ.

ಅದೇ ಪುಸ್ತಕದಲ್ಲಿ ಒಂದು ಪ್ರಾರ್ಥನೆಯೂ ಇದೆ. ವಿಷಾನಿಲದ ಕೋಣೆಗೆ ಕಳುಹಿಸುವವರ ಆಯ್ಕೆ ಮುಗಿದ ರಾತ್ರಿ, ತಾನು ಆಯ್ಕೆಯಾಗಲಿಲ್ಲವೆಂದು ಕೂನ್ ಎಂಬ ವೃದ್ಧ ಗಟ್ಟಿಯಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಪಕ್ಕದ ಹಾಸಿಗೆಯಲ್ಲಿ ಆಯ್ಕೆಯಾದ ಇಪ್ಪತ್ತು ವರ್ಷದ ತರುಣ ದೀಪವನ್ನೇ ನೋಡುತ್ತ ಮಲಗಿದ್ದಾನೆ. ನಾನು ದೇವರಾಗಿದ್ದರೆ ಆ ಪ್ರಾರ್ಥನೆಯನ್ನು ಉಗುಳಿಬಿಡುತ್ತಿದ್ದೆ ಎನ್ನುತ್ತಾರೆ ಲೇವಿ. ಪ್ರಾರ್ಥನೆ ಎಂದರೇನು, ಅದು ಯಾವಾಗ ಅಶುದ್ಧವಾಗುತ್ತದೆ ಎಂಬುದರ ಬಗ್ಗೆ ಅನೇಕ ಧರ್ಮಬೋಧಕರ ಗ್ರಂಥಗಳಿಗಿಂತ ಹೆಚ್ಚಿನ ಸೂಕ್ಷ್ಮವನ್ನು ನಾನು ಈ ನಾಸ್ತಿಕರ ಒಂದು ಪುಟದಲ್ಲಿ ಕಂಡೆ. ಅವರು ಪ್ರಾರ್ಥನೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು.

ಹುಡುಕುವ ದಾರಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಯಾರನ್ನಾದರೂ ಕೇಳುವಾಗ, ನಿಮಗೆ ಇಷ್ಟವಾದ ಪುಸ್ತಕ ಯಾವುದು ಎಂದು ಕೇಳಬೇಡಿ. ನಿಮ್ಮನ್ನು ಕದಡಿದ ಪುಸ್ತಕ ಯಾವುದು, ಯಾವುದನ್ನು ಅರ್ಧಕ್ಕೆ ಮುಚ್ಚಿಟ್ಟಿರಿ ಎಂದು ಕೇಳಿ. ಮೆಚ್ಚಿದ ಲೇಖಕರು ಯಾರೊಡನೆ ಜಗಳವಾಡುತ್ತಿದ್ದಾರೆಂದು ಗುರುತಿಸಿ, ಆ ಎದುರಾಳಿಯನ್ನು ಮೂಲದಲ್ಲಿಯೇ ಓದಿ. ಅನುವಾದವಾದರೆ ಒಂದೇ ಪುಟವನ್ನು ಎರಡು ಅನುವಾದಗಳಲ್ಲಿ ಇಟ್ಟು ನೋಡಿ. ಫ್ರೆಂಚ್ ಗಣಿತಜ್ಞ, ಚಿಂತಕ ಪಾಸ್ಕಲ್ ಅವರ ‘ಚಿಂತನೆಗಳು’ 1670ರಲ್ಲಿ, ಅವರು ತೀರಿಕೊಂಡ ಎಂಟು ವರ್ಷಗಳ ನಂತರ, ಬಿಡಿ ಚೀಟಿಗಳಿಂದ ಪುಸ್ತಕವಾದದ್ದು; ಬೇರೆ ಬೇರೆ ಸಂಪಾದಕರು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದ್ದಾರೆ, ಆ ಕ್ರಮದೊಡನೆ ಒತ್ತು ಬೀಳುವ ಜಾಗವೂ ಬದಲಾಗುತ್ತದೆ. ಪಾಸ್ಕಲ್ ಅವರೇ 1654ರ ನವೆಂಬರ್ 23ರ ರಾತ್ರಿ ತಮಗಾದ ದೈವಾನುಭವವನ್ನು ಬರೆದ ಹಾಳೆಯನ್ನು ಅಂಗಿಯ ಒಳಪದರದಲ್ಲಿ ಹೊಲಿದುಕೊಂಡು ಸಾಯುವವರೆಗೆ ಯಾರಿಗೂ ಹೇಳದೆ ಓಡಾಡಿದರು. ‘ಬೆಂಕಿ’ ಎಂಬ ಒಂದೇ ಪದದ ಸಾಲು ಅದರಲ್ಲಿದೆ. ಪ್ರಕಟಣೆಗೆಂದು ಬರೆಯದ ಇಂಥ ಹಾಳೆಗಳನ್ನು, ಪತ್ರಗಳನ್ನು, ದಿನಚರಿಗಳನ್ನು ಹುಡುಕಿ ಓದಿ.

ಈಗ ನಿಮ್ಮ ಕಥೆಗೆ ಬರುತ್ತೇನೆ. ಮಗನ ಸಂದೇಹಗಳನ್ನು ನೀವು ನಾಲ್ಕು ಪುಟಗಳಲ್ಲಿ ಬಹಳ ಚೆನ್ನಾಗಿ ಬರೆದಿದ್ದೀರಿ, ಅದರಲ್ಲಿ ಒಂದು ಪದವನ್ನೂ ತೆಗೆಯುವ ಅಗತ್ಯವಿಲ್ಲ. ಏಳನೆಯ ಪುಟದಲ್ಲಿ ಅವನು ಬಾಗಿಲಲ್ಲಿ ನಿಂತು ನೋಡುತ್ತಾನೆ. “ಅಮ್ಮ ಎಂದಿನಂತೆ ಕಣ್ಣು ಮುಚ್ಚಿ ಕುಳಿತಿದ್ದಳು” ಎಂಬ ಒಂದು ಸಾಲಿನಲ್ಲಿ ಆ ತಾಯಿ ಮುಗಿದುಹೋಗುತ್ತಾಳೆ. ಮಗ ಬಾಗಿಲಿಗೆ ಬರುವ ಅರ್ಧ ಗಂಟೆ ಮೊದಲಿನಿಂದ ಅವಳು ಅಲ್ಲಿ ಕುಳಿತಿದ್ದಾಳೆ. ಮಗ ಇನ್ನು ನಂಬುವುದಿಲ್ಲವೆಂದು ಅವಳಿಗೆ ತಿಳಿದಿದೆ ಎಂದು ನೀವೇ ಮೂರನೆಯ ಪುಟದಲ್ಲಿ ಸೂಚಿಸಿದ್ದೀರಿ. ಹಾಗಾದರೆ ಆ ಅರ್ಧ ಗಂಟೆಯಲ್ಲಿ ಅವಳು ಏನನ್ನು ಕೇಳುತ್ತಿದ್ದಾಳೆ, ಅಥವಾ ಏನನ್ನೂ ಕೇಳದೆ ಕುಳಿತಿದ್ದಾಳೆಯೇ? ಆ ಭಾಗವನ್ನು ಮಗನ ಕಣ್ಣಿನಿಂದ ಬಿಡಿಸಿ, ಅವಳ ಕಡೆಯಿಂದ ಬರೆದು ಕಳುಹಿಸಿ. ನಾನು ಓದಲು ಕಾದಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ